ತಡವಾಗಿ ಬೀಳುವ ಏಟು

ತಮ್ಮ ಸೋಮಲಿಂಗ ಊರಿಗೆ ಬರುತ್ತಾನೆಂದು ಗೊತ್ತಾದ ದಿನದಿಂದ ಬನಶಂಕರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿ, ಬೆಂಗಳೂರು ಸೇರಿ, ಸಿನಿಮಾಗಳಿಗೆ ಸಂಗೀತ ಮಾಡಿ ಹೆಸರಾದವನು ಅವನು. ಜಮಖಂಡಿಯ ಬಸ್ಸಿನಲ್ಲಿ, ಮುಧೋಳದ ಮದುವೆ ಬ್ಯಾಂಡಿನಲ್ಲಿ, ಹಿಪ್ಪರಗಿ ಕಡೆಯಿಂದ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರಿನಲ್ಲಿ ಅವನ ಹಾಡು ಕೇಳಿದಾಗಲೆಲ್ಲ, ಇದು ನಮ್ಮ ತಮ್ಮನದು ಎಂದು ಪಕ್ಕದವರಿಗೆ ಹೇಳಬೇಕೆನಿಸುತ್ತಿತ್ತು ಅವಳಿಗೆ. ಹೇಳುತ್ತಿರಲಿಲ್ಲ.

ಅವನ ಹಾಡುಗಳಿಗೆ ಒಂದು ನಡೆಯಿತ್ತು. ಒಂದು ಏಟು ಸರಿಯಾಗಿ ಬಿದ್ದರೆ ಅದರ ಮುಂದಿನದು ಒಂದು ಉಸಿರು ತಡವಾಗಿ ಬೀಳುತ್ತಿತ್ತು. ಕೇಳುವವರಿಗೆ ಎದೆಯೊಳಗೆ ಯಾರೋ ಎಡವಿದಂತಾಗುತ್ತಿತ್ತು. ಆಮೇಲೆ ಬಂದ ಹುಡುಗರೆಲ್ಲ ಅದನ್ನೇ ಹಿಡಿದರು, ಅದಕ್ಕೆ ಸೋಮಲಿಂಗನ ಏಟು ಎಂದೇ ಹೆಸರಾಯಿತು. ಎಲ್ಲಿ ಕಲಿತಿರಿ ಎಂದು ಟೀವಿಯವರು ಕೇಳಿದರೆ ಅವನು ನಕ್ಕು ಮಾತು ಬದಲಿಸುತ್ತಿದ್ದ. ಅಕ್ಕನೂ ಕೇಳಿರಲಿಲ್ಲ.

ಫೋನಿನಲ್ಲಿ ಅವನು ಕೂಗಿಯೇ ಮಾತಾಡಿದ್ದ.

"ಅಕ್ಕಾ, ಅಪ್ಪನ ಮಗ್ಗ ಇನ್ನೂ ಐತೇನ? ನನಗ ಒಂದು ಕಿವಿ ಪೂರಾ ಹೋತು. ಇನ್ನೊಂದೂ ಹೊಂಟೈತಿ ಅಂತಾರ ಡಾಕ್ಟರು. ಅದು ಹೋಗೂದ್ರಾಗ ಆ ಮಗ್ಗದ ಸಪ್ಪಳ ಒಮ್ಮಿ ಕೇಳಬೇಕು."

"ಐತಪಾ, ಐತಿ! ನೀ ಬಾ!" ಅವಳು ಕೂಗಿದ್ದಕ್ಕೆ ನೆರೆಮನೆಯವರು ಹೊರಗೆ ಬಂದು ನೋಡಿದರು.

ಮಗ್ಗವಿದ್ದದ್ದು ನಡುಮನೆಯಲ್ಲಿ, ಕಾಲು ಇಳಿಬಿಟ್ಟು ಕೂತು ನೇಯಲೆಂದು ನೆಲದಲ್ಲಿ ತೋಡಿದ ಕುಣಿಯಲ್ಲಿ, ನೂಲಿನ ಚೀಲಗಳ ಹಿಂದೆ. ಅಪ್ಪ ಪರಸಪ್ಪ ಹೋದ ಮೇಲೆ ಅದರಲ್ಲಿ ಯಾರೂ ಇಳಿದಿರಲಿಲ್ಲ. ಬನಶಂಕರಿಯ ಮಗ ಮಾಂತೇಶ ಹಿತ್ತಲಿನ ಶೆಡ್ಡಿನಲ್ಲಿ ಪವರ್‌ಲೂಮ್ ಹಾಕಿಕೊಂಡಿದ್ದ. ಚೀಲ ಸರಿಸಿ ನೋಡಿ ಅವನು ಮೂಗು ಮುರಿದ.

"ಯವ್ವಾ, ಈ ಗೆದ್ದಲ ತಿಂದ ಸಾಮಾನ ತೋರಸ್ತಿ ಏನ ಮಾಮಾಗ? ಕ್ಯಾಮೆರಾದವ್ರು ಬಂದ್ರ ಮಾನ ಹೊಕ್ಕೈತಿ."

ರಬಕವಿಯಿಂದ ಬಡಿಗೇರ ಹೊಳಬಸಪ್ಪನನ್ನು ಕರೆಸಿದರು. ಅವನು ಕುಣಿಯೊಳಗೆ ಬಗ್ಗಿ, ಕಾಲಿನಿಂದ ತುಳಿಯುವ ಎರಡು ಹಲಗೆಗಳನ್ನೂ ಅಲುಗಿಸಿದ. "ಎಡಗಡಿ ಹಲಗಿ ಮ್ಯಾಲ ಯಾರೋ ಕಟಿಗಿ ತುಂಡು ಬಡದಾರಲ್ರೀ ಯಕ್ಕಾರ. ಭಾರಕ್ಕ ಹಲಗಿ ಬಾಗಿ ಹಗ್ಗ ಸಡ್ಲಾಗೇತಿ. ಯಾರು ತುಳದ್ರೂ ಇದು ಕುಂಟತೈತಿ."

"ನಮ್ಮಪ್ಪಗ ಎಡಗಾಲು ಗಿಡ್ಡ ಇತ್ರಿ. ಮುಟ್ಟತಿರಲಿಲ್ಲ, ಅದಕ್ಕ ತಾನ ಬಡಕೊಂಡಿದ್ದ."

ಆ ಕುಂಟಿನಿಂದಲೇ ಅಪ್ಪ ನೇಯ್ದ ಸೀರೆಗಳಲ್ಲಿ ಸಣ್ಣ ಗೆರೆಯೊಂದು ಬೀಳುತ್ತಿತ್ತು. ವ್ಯಾಪಾರಿ ಸೀರೆಯನ್ನು ಬೆಳಕಿಗೆ ಹಿಡಿದು ಬದಿಗೆ ಒಗೆಯುತ್ತಿದ್ದ. ಒಗೆದದ್ದನ್ನು ಬಗ್ಗಿ ಎತ್ತಿಕೊಳ್ಳುವ ಅಪ್ಪನ ಬೆನ್ನು ಬನಶಂಕರಿಯ ಕಣ್ಣಿನಿಂದ ಹೋಗಿರಲಿಲ್ಲ.

"ನೆಟ್ಟಗ ಮಾಡಿಬಿಡ್ರಿ," ಎಂದಳು.

ಹೊಸ ಹಲಗೆ ಬಂತು, ಹೊಸ ಹಗ್ಗ ಬಂತು. ಬೇಕಾದಲ್ಲೆಲ್ಲ ಎಣ್ಣೆ ಬಿತ್ತು, ಮಗ್ಗಕ್ಕೆ ಹೊಸ ನೂಲೂ ಏರಿತು.

ಸೋಮಲಿಂಗ ಬಂದದ್ದು ಅಮಾವಾಸ್ಯೆಯ ಬೆಳಿಗ್ಗೆ. ಆ ದಿನ ಅವರ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ಪವರ್‌ಲೂಮ್‌ಗಳೂ ಸುಮ್ಮನಿರುತ್ತವೆ. ಉಳಿದ ದಿನ ಆ ಗದ್ದಲದಲ್ಲಿ ಕಿವಿ ನೆಟ್ಟಗಿದ್ದವರಿಗೂ ಕೈಮಗ್ಗ ಕೇಳುವಂತಿರಲಿಲ್ಲ. ಬನಶಂಕರಿ ಮಗ್ಗಕ್ಕೆ ಕುಂಕುಮವಿಟ್ಟು, ದೀಪ ಹಚ್ಚಿ, "ಇವತ್ತೊಂದಿನ ತಪ್ಪು ಹೊಟ್ಯಾಗ ಹಾಕ್ಕೋ ತಾಯಿ," ಎಂದು ಮೊದಲೇ ಕೈಮುಗಿದಿದ್ದಳು.

ತಮ್ಮ ಸೊರಗಿದ್ದ. ಕಿವಿಯಲ್ಲಿ ಮಿಷನ್ ಸಿಕ್ಕಿಸಿಕೊಂಡಿದ್ದ. ಬಚ್ಚಲಿನಿಂದ ಕೂಗಿದ: "ಅಕ್ಕಾ, ನೀರು ಸುಡಾಕತ್ತಾವಲ್ಲ ಬೇ!"

"ಸುಡ್ಲಿ, ದಾರಿ ಬ್ಯಾನಿ ಹೊಕ್ಕೈತಿ! ಬೆಂಗಳೂರಾಗ ಉಗುರುಬೆಚ್ಚಗಿನ ನೀರು ಹಾಕ್ಕೊಂಡು ಹಾಕ್ಕೊಂಡು ಮೈ ಮೆತ್ತಗಾಗೇತಿ ನಿಂದು!"

ಉಣ್ಣಲು ಕುಳಿತಾಗ ಅವನ ಎಡಗೈ ಬೆರಳುಗಳು ನೆಲದ ಮೇಲೆ ತಾವಾಗಿಯೇ ಬಡಿಯುತ್ತಿದ್ದವು. ಒಂದು ಏಟು, ಒಂದು ತಡವಾದ ಏಟು. ಸಣ್ಣವನಿದ್ದಾಗಿನಿಂದ ಅವನ ಚಟ ಅದು. ಬನಶಂಕರಿ ನೋಡಿ ನಕ್ಕು ಇನ್ನೊಂದು ರೊಟ್ಟಿ ಹಾಕಿದಳು.

ಆಮೇಲೆ ಅವಳು ಕುಣಿಗಿಳಿದಳು. ಅವನು ಪಕ್ಕದಲ್ಲಿ ಕುಳಿತು, ಮಿಷನ್ ತೆಗೆದಿಟ್ಟು, ಉಳಿದ ಕಿವಿಯನ್ನು ಮಗ್ಗದ ಕಂಬಕ್ಕೆ ಒತ್ತಿ ಕಣ್ಣು ಮುಚ್ಚಿದ. ಅವಳು ಲಾಳಿ ಎಸೆದಳು, ತುಳಿದಳು. ಮಗ್ಗ ನೀರಿನಂತೆ ನಡೆಯಿತು. ಎಷ್ಟೋ ವರ್ಷಗಳ ಮೇಲೆ ಕೈಕಾಲು ಮರೆತಿಲ್ಲವೆಂದು ಅವಳಿಗೇ ಹಿಗ್ಗಾಯಿತು.

ಅವನು ಕಣ್ಣು ತೆರೆದ. ಕಾಯುತ್ತಿದ್ದವನ ಮುಖ. "ಬರೇ ಸರಿ ಮಾಡ್ಕೊಳಾಕತ್ತಿ ಏನ? ಸುರು ಮಾಡು."

"ಸುರು ಮಾಡೇನಲ್ಲೋ!"

ಅವನು ಬಗ್ಗಿ ಕುಣಿಯೊಳಗೆ ನೋಡಿದ. ಕತ್ತಲಲ್ಲಿ ಹೊಸ ಹಲಗೆ ಬೆಳ್ಳಗೆ ಕಾಣುತ್ತಿತ್ತು. "ಅಪ್ಪ ಬಡದಿದ್ದ ಕಟಿಗಿ ಎಲ್ಲಿ?"

ಅವಳ ಕೈ ನಿಂತಿತು. ಬಸ್ಸಿನಲ್ಲಿ, ಮದುವೆಯಲ್ಲಿ, ಇಷ್ಟು ವರ್ಷ ಕೇಳಿದ ಹಾಡುಗಳೆಲ್ಲ ಒಮ್ಮೆಲೇ ಎದ್ದು ಬಂದವು. ಆ ತಡವಾದ ಏಟು. ಹುಟ್ಟಿದಾಗಿನಿಂದ ಕೇಳಿದ್ದ ಸಪ್ಪಳ ಬೇರೆಯವರ ಬಾಯಲ್ಲಿ ಹಾಡಾಗಿ ಬಂದಾಗ ಅವಳಿಗೆ ಗುರುತೇ ಸಿಕ್ಕಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಾಂತೇಶ ಗಟ್ಟಿಯಾಗಿ ಹೇಳಿದ, "ಹ್ಯಾಂಗೈತ್ರಿ ಮಾಮಾ? ಈಗ ಒಂದು ಚೂರೂ ಕುಂಟೂದಿಲ್ಲ! ಹಳೇ ಹಲಗಿ, ಕಟಿಗಿ ಎಲ್ಲಾ ಮುಂಜಾನೆ ನಿಮ್ಮ ನೀರಿನ ಒಲಿಗೆ ಹಾಕಿದ್ನಿ. ಏನ್ ಉರೀತ್ರಿ ಅದು!"

ಸೋಮಲಿಂಗ ಮಾತು ಹಿಡಿಯಲು ಅವನ ತುಟಿಗಳನ್ನೇ ನೋಡಿದ. ಆಮೇಲೆ ನಕ್ಕ. "ಹಂಗಾರ ಅಪ್ಪನಽ ನನಗ ನೀರು ಕಾಸಿ ಹಾಕಿದಂಗಾತು."

ಮಾಂತೇಶನಿಗೆ ಅರ್ಥವಾಗಲಿಲ್ಲ. ಮಾಮ ಖುಷಿಯಾದನೆಂದುಕೊಂಡು ಚಹಾ ಹೇಳಲು ಹೋದ.

"ನನಗೊಂದು ಮಾತು ಹೇಳಬಾರದೇನೋ ಸೋಮ್ಯಾ?" ಬನಶಂಕರಿಯ ದನಿ ಒಡೆಯಿತು. ಅವನಿಗೆ ಕೇಳಿಸಲಿಲ್ಲವೆಂದು ಮತ್ತೆ ಕೂಗಬೇಕಾಯಿತು.

"ಏನಂತ ಹೇಳ್ಲಿ ಅಕ್ಕಾ? ಅಪ್ಪನ ಕಾಲು ಮಾರ್ಕೊಂಡು ಉಣ್ಣಾಕತ್ತೇನಿ ಅಂತ ಹೇಳ್ಲೇನ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ತುಳಿದಳು. ಎಡಗಾಲನ್ನು ಬೇಕೆಂದೇ ಹಿಡಿದು, ತಡೆದು, ಬಿಟ್ಟಳು. ಒಮ್ಮೆ ಬೇಗ ಬಿತ್ತು, ಒಮ್ಮೆ ತೀರ ತಡವಾಯಿತು. ಅಪ್ಪ ಎಷ್ಟು ತಡೆಯುತ್ತಿದ್ದನೆಂದು ಆ ಕಟ್ಟಿಗೆಗೆ ಗೊತ್ತಿತ್ತು, ಅವಳ ಕಾಲಿಗೆ ಗೊತ್ತಿರಲಿಲ್ಲ. ಎಳೆಗಳು ಒಂದೊಂದಾಗಿ ಹರಿದವು. ಅವಳು ಬಿಡಲಿಲ್ಲ.

"ಸಾಕಕ್ಕಾ," ಎಂದ ಅವನು, ಅವಳ ತಲೆಯ ಮೇಲೆ ಕೈಯಿಟ್ಟು. "ನೆಟ್ಟಗ ನಡಸು. ಕೇಳಾಕ ಬಂದೇನಿ, ಇದನ್ನರ ಕೇಳತೀನಿ."

ಅವಳು ನೆಟ್ಟಗೆ ನಡೆಸಿದಳು. ಹೊತ್ತು ಇಳಿಯುವವರೆಗೆ ಅವನು ಕಂಬದಿಂದ ಕಿವಿ ತೆಗೆಯಲಿಲ್ಲ.

ಮರುದಿನ ಹೊರಟಾಗ ಓಣಿಯ ಪವರ್‌ಲೂಮ್‌ಗಳೆಲ್ಲ ಶುರುವಾಗಿದ್ದವು. ಅವನು ಕಾರಿನಲ್ಲಿ ಕುಳಿತು, ಕಿಟಕಿಯ ಹೊರಗೆ ಎಡಗೈ ಚಾಚಿದ್ದ. ಬೆರಳುಗಳು ಬಾಗಿಲಿನ ಮೇಲೆ ಬಡಿಯುತ್ತಿದ್ದವು. ಒಂದು ಏಟು, ಇನ್ನೊಂದು ಏಟು, ಮತ್ತೊಂದು. ಬನಶಂಕರಿ ತಡವಾದದ್ದಕ್ಕೆ ಕಾದಳು. ಅದು ಬರಲೇ ಇಲ್ಲ. ಎಲ್ಲ ಏಟುಗಳೂ ನೆಟ್ಟಗಾದ ಮಗ್ಗದಂತೆ ಸರಿಯಾಗಿ ಬೀಳುತ್ತಿದ್ದವು. ಅವನಿಗೆ ಗೊತ್ತಾದಂತಿರಲಿಲ್ಲ.

ಅವಳು ಧಾವಿಸಿ ಆ ಬೆರಳುಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅಕ್ಕನಿಗೆ ಬಿಟ್ಟಿರಲು ಆಗುತ್ತಿಲ್ಲವೆಂದು ತಿಳಿದು ಅವನು ನಕ್ಕ.