ಹಾಲು ಕೊಡಬಾರದ ಮಗು

ಸೋಮವಾರ ಬೆಳಿಗ್ಗೆ ತೂದಾ ಗಂಡು ಮಗು ಹೆತ್ತಳು. ಎರಡು ಹೆಣ್ಣಾದ ಮೇಲೆ ಹುಟ್ಟಿದ ಗಂಡು. ಕೂಸು ಹೊರಗೆ ಬಂದದ್ದೇ ಕಿರುಚಿಕೊಂಡಿತು. ಆ ಕೂಗಿಗೆ ಕೆಳಗಿನ ಕೊಟ್ಟಿಗೆಯ ಕತ್ತೆ ಕೂಡ ದನಿ ಕೊಟ್ಟಿತು. ಬೆನ್ನು ಒರೆಸಿ ನಾನು ಎತ್ತಿ ಹಿಡಿದಾಗ ಅಜ್ಜಿ ಹೆನ್ನೂಳ ಮುಖದ ಮೇಲೆ ಉಚ್ಚೆ ಹೊಯ್ದ.

"ನೋಡಿದ್ರಾ ಲಲ್ಲಾ ಬಹೀಜಾ, ಬಂದು ಎರಡು ಗಳಿಗೆ ಆಗ್ಲಿಲ್ಲ, ಆಗ್ಲೇ ಯಜಮಾನಿಕೆ ಶುರು ಮಾಡ್ದ," ಎಂದಳು ಹೆನ್ನೂ, ಮುಖ ಒರೆಸಿಕೊಳ್ಳುತ್ತಾ. "ಇವನಪ್ಪನೂ ಹಿಂಗೇ ಇದ್ದ. ಈಗ್ಲೂ ಹಿಂಗೇ ಇದಾನೆ."

ಬಾಗಿಲ ಹೊರಗೆ ಅವಳ ಮಗ, ತೂದಾಳ ಗಂಡ ಅಸ್ಸೂ ನಕ್ಕದ್ದು ಕೇಳಿಸಿತು. ಅವನು ಊರಿನ ನೀರು ಹಂಚುವವನು. ಯಾರ ಗದ್ದೆಗೆ ಎಷ್ಟು ಹೊತ್ತು ಕಾಲುವೆ ತಿರುಗಬೇಕು ಎನ್ನುವುದೆಲ್ಲ ಅವನ ಮಾತಿನ ಮೇಲೆ ನಡೆಯುತ್ತಿತ್ತು.

ನಾನು ಬಹೀಜಾ, ಸಾಫಿ ಎಂಬ ಕಡಲತೀರದ ಊರಿನವಳು; ಲಲ್ಲಾ ಎನ್ನುವುದು ಇಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಸೂಲಗಿತ್ತಿ ನರ್ಸಾಗಿ ಅಟ್ಲಾಸ್ ಬೆಟ್ಟದ ಈ ಹಳ್ಳಿಗೆ ಬಂದು ಹನ್ನೊಂದು ಚಳಿಗಾಲ ಕಳೆದಿದ್ದವು. ಹುಟ್ಟಿದ ಮಗುವಿನಲ್ಲಿ ಏನೇನು ನೋಡಬೇಕು ಎನ್ನುವುದು ನನಗೆ ಬಾಯಿಪಾಠ. ಉಸಿರು ನೋಡಿದೆ, ಬಣ್ಣ ನೋಡಿದೆ, ಎದೆಬಡಿತ ಕೇಳಿದೆ, ಅಂಗುಳಕ್ಕೆ ಬೆರಳಿಟ್ಟೆ, ತೂಕ ಹಾಕಿದೆ. ಮೂರು ಕಿಲೋ ನೂರು ಗ್ರಾಂ. ಹಿಂದೆ ತಿರುಗಿಸಿದಾಗ ಪಿರ್ರೆಗಳ ನಡುವೆ ಗುಳಿ ಕಂಡಿತು. ಗುಳಿ ಇದೆಯಲ್ಲ ಎಂದುಕೊಂಡು ಬಟ್ಟೆ ಸುತ್ತಿಬಿಟ್ಟೆ. ಜ್ವರ ನೋಡುವ ಕಡ್ಡಿಯ ತುದಿ ಇಟ್ಟು ಮಲದ ದಾರಿ ತೆರೆದಿದೆಯೇ ಎಂದು ನೋಡಬೇಕಿತ್ತು. ನೋಡಲಿಲ್ಲ. ಅಂದು ಲಸಿಕೆ ತಂದ ಸರ್ಕಾರಿ ಜೀಪು ನನ್ನ ಆರೋಗ್ಯ ಕೇಂದ್ರದ ಮುಂದೆ ಕಾಯುತ್ತಿತ್ತು. ಆಕಾಶ ಕಪ್ಪಾಗುತ್ತಿದೆ, ಹಿಮ ಬೀಳುವ ಮೊದಲು ಘಾಟಿ ದಾಟಬೇಕು, ಬೇಗ ಬಂದು ಪೆಟ್ಟಿಗೆ ಇಳಿಸಿಕೊಳ್ಳಿ ಎಂದು ಚಾಲಕ ಎರಡು ಸಲ ಹೇಳಿ ಕಳಿಸಿದ್ದ. ಓಡಿದೆ. ಮಧ್ಯಾಹ್ನ ಜೀಪು ಹೋಯಿತು. ಸಂಜೆಗೆ ಹಿಮ ಶುರುವಾಯಿತು.

ಮಂಗಳವಾರ ಮಧ್ಯಾಹ್ನ ಹೆನ್ನೂ ಮೊಣಕಾಲುದ್ದದ ಹಿಮ ತುಳಿದುಕೊಂಡು ಬಂದಳು.

"ಕೂಸು ಇನ್ನೂ ಕಪ್ಪು ಕಕ್ಕ ಮಾಡಿಲ್ಲ. ಹಾಲು ಕುಡಿದಿದ್ದೆಲ್ಲ ಕಕ್ತಾನೆ. ಜೀರಿಗೆ ನೀರು ಕೊಡ್ಲಾ?"

"ಬೇಡ. ನಾನೇ ಬರ್ತೀನಿ," ಎಂದೆ.

ಮಗುವಿನ ಹೊಟ್ಟೆ ಬಿಗಿದಿತ್ತು. ಕಡ್ಡಿಯ ತುದಿಗೆ ಎಣ್ಣೆ ಸವರಿ ಗುಳಿಗೆ ಇಟ್ಟೆ. ಒಳಗೆ ಹೋಗಲಿಲ್ಲ. ಸ್ವಲ್ಪ ಆಚೆ, ಸ್ವಲ್ಪ ಈಚೆ ಸರಿಸಿ ನೋಡಿದೆ. ಅಲ್ಲಿ ಬರೀ ಚರ್ಮ ಇತ್ತು, ಬಾಗಿಲು ಇರಲಿಲ್ಲ. ಒದ್ದೆ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಾಗ ಉಚ್ಚೆಯ ಕಲೆಯಲ್ಲಿ ಹಸಿರು ಕಂಡಿತು. ಹೊರಗೆ ಹೋಗಲು ದಾರಿ ಸಿಗದ ಮಲ ಮೂತ್ರದ ನಾಳಕ್ಕೆ ಒಂದಿಷ್ಟು ಸೋರುತ್ತಿತ್ತು.

ಫೋನು ಸಿಗುವುದು ಕಣದ ಹತ್ತಿರ ಮಾತ್ರ. ಅಲ್ಲಿ ನಿಂತು ಜಿಲ್ಲಾ ಆಸ್ಪತ್ರೆಗೆ ಫೋನು ಮಾಡಿದೆ. ಶಸ್ತ್ರಚಿಕಿತ್ಸೆಯ ಡಾಕ್ಟರ್ ಬರ್ರಾದಾ ಸಿಕ್ಕರು.

"ಹಾಲು ನಿಲ್ಲಿಸಿ," ಎಂದರು. "ಮೂಗಿಂದ ಹೊಟ್ಟೆಗೆ ನಳಿಕೆ ಹಾಕಿ, ಗಂಟೆಗೊಂದು ಸಲ ಎಳೆದು ತೆಗೀರಿ. ನರ ಸಿಕ್ಕರೆ ಗ್ಲೂಕೋಸ್ ಹನಿ ಹನಿಯಾಗಿ ಕೊಡಿ. ಆದಷ್ಟು ಬೇಗ ಇಲ್ಲಿಗೆ ತನ್ನಿ."

"ಘಾಟಿ ಮುಚ್ಚಿದೆ ಡಾಕ್ಟ್ರೇ."

"ಹೆಲಿಕಾಪ್ಟರಿಗೆ ಕೇಳ್ತೀನಿ. ಈ ಮೋಡದಲ್ಲಿ ಹಾರಲ್ಲ ಅಂತಾರೆ, ಆದ್ರೂ ಕೇಳ್ತೀನಿ."

ಹಾರಲಿಲ್ಲ.

ಮಂಗಳವಾರದಿಂದ ನಾನು ಅವರ ಮನೆಯಲ್ಲೇ ಉಳಿದೆ. ಮೂಗಿನಿಂದ ಸಣ್ಣ ನಳಿಕೆ ಇಳಿಸಿ ಎಳೆದಾಗ ಮೊದಲು ಗಾಳಿ ಬಂತು, ಆಮೇಲೆ ಹಸಿರು ನೀರು. ಅದು ಬಂದ ಮೇಲೆ ಹೊಟ್ಟೆ ಒಂದಿಷ್ಟು ಇಳಿದು ಉಸಿರು ಸಲೀಸಾಯಿತು. ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಉಬ್ಬಿತು. ನೆತ್ತಿಯ ಪಕ್ಕದಲ್ಲಿ ಒಂದು ನರ ಸಿಕ್ಕಿತು. ಗ್ಲೂಕೋಸ್ ಬಾಟಲಿಯನ್ನು ಅಸ್ಸೂ ತೊಲೆಯ ಮೊಳೆಗೆ ನೇತುಹಾಕಿದ.

ಮಗು ಹಸಿವಿನಿಂದ ಅಳುತ್ತಿತ್ತು. ತೂದಾಳ ಎದೆಯಲ್ಲಿ ಹಾಲು ಕಟ್ಟಿಕೊಂಡಿತ್ತು. ಅವನು ಅತ್ತಾಗಲೆಲ್ಲ ಅವಳ ಅಂಗಿಯ ಮುಂಭಾಗ ತಾನಾಗಿ ಒದ್ದೆಯಾಗುತ್ತಿತ್ತು. ಅವಳು ಗೋಡೆ ಕಡೆಗೆ ತಿರುಗಿ ಕೂರುತ್ತಿದ್ದಳು. ಹೇಳುವುದನ್ನೆಲ್ಲ ಹೆನ್ನೂ ಹೇಳುತ್ತಿದ್ದಳು.

"ಐದು ಹೆತ್ತು ಸಾಕಿದೀನಿ ನಾನು. ಕೂಸಿಗೆ ಹಾಲು ಕೊಡಬೇಡಿ ಅಂತ ಯಾವ ಸ್ಕೂಲಲ್ಲಿ ಹೇಳ್ಕೊಟ್ರು ನಿಮಗೆ? ಕಾಯಿಲೆ ಏನೋ ದೇವ್ರಿಗೇ ಗೊತ್ತು. ಹಸಿವಿಂದ ಸಾಯಿಸ್ತಿರೋದು ಮಾತ್ರ ನನಗೆ ಕಾಣ್ತಿದೆ."

"ಅಮ್ಮಾ, ಸುಮ್ನಿರು," ಎಂದ ಅಸ್ಸೂ. ನನ್ನ ಕಡೆ ತಿರುಗಿ, "ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದ.

ಅವನ ಕಾಲುವೆಯ ಮಾತಿನಲ್ಲೇ ಹೇಳಿದೆ. ಹಾಲು ಇಳಿದು ಹೊಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಉದ್ದನೆಯ ಕರುಳಿನಲ್ಲಿ ಹರಿಯುತ್ತಾ ಹೋಗುವಾಗ ಮೈ ತನಗೆ ಬೇಕಾದ ಸಾರವನ್ನೆಲ್ಲ ಹೀರಿಕೊಳ್ಳುತ್ತದೆ. ಬೇಡದ್ದು ಕೊನೆಗೆ ಹೊರಗೆ ಬೀಳಬೇಕು. ಇವನಲ್ಲಿ ಕೊನೆಯ ತೂಬು ಕಟ್ಟಿಯೇ ಇಲ್ಲ. ಮೇಲಿಂದ ಬಿಟ್ಟಷ್ಟೂ ಒಳಗೆ ನಿಲ್ಲುತ್ತದೆ, ಒಡ್ಡು ಉಬ್ಬುತ್ತದೆ. ಉಬ್ಬಿದ ಹೊಟ್ಟೆ ಮೇಲಕ್ಕೆ ಒತ್ತಿದರೆ ಶ್ವಾಸಕೋಶ ಅರಳಲು ಜಾಗ ಇರುವುದಿಲ್ಲ. ಅದಕ್ಕೇ ಉಸಿರಾಡಲು ಕಷ್ಟಪಡುತ್ತಿದ್ದಾನೆ.

ಅಸ್ಸೂ ಮಗುವಿನ ಹೊಟ್ಟೆ ಮುಟ್ಟಿ ನೋಡಿದ. "ಹಾಗಾದ್ರೆ ತೂಬು ತೆಗೀಬೇಕು."

"ಹೌದು. ಆಸ್ಪತ್ರೆಯಲ್ಲಿ."

ಬುಧವಾರ ಹಿಮ ನಿಲ್ಲಲಿಲ್ಲ. ಹಳ್ಳಿಯ ಗಂಡಸರು ಸಲಿಕೆ ಹಿಡಿದು ಘಾಟಿಯ ಕಡೆ ಹೋಗಿ, ಎದೆಮಟ್ಟ ಹಿಮಕ್ಕೆ ಸೋತು ಮರಳಿದರು. ಮನೆಗೆ ಬಂದ ಅಸ್ಸೂ ಒಲೆಯ ಮುಂದೆ ಕೂತು ಒಂದು ಸಣ್ಣ ಚಾಕುವನ್ನು ಕೆಂಡದ ಮೇಲೆ ಹಿಡಿದ. ಕುರಿಮರಿಗಳ ಬಾಲ ಕತ್ತರಿಸುವ ಚಾಕು ಅದು.

"ಕುರಿಗಳಲ್ಲಿ ಹೀಗೆ ಹುಟ್ಟತ್ತೆ," ಎಂದ. "ಎರಡು ಮೂರು ವರ್ಷಕ್ಕೊಂದು. ನಮ್ಮಪ್ಪ ಕುಯ್ತಿದ್ದ. ನಾನೂ ಕುಯ್ದಿದೀನಿ. ಒಂದು ಸತ್ತಿತು, ಎರಡು ಬದುಕಿದ್ವು. ನೀವು ಕುಯ್ಯಿರಿ. ನಿಮ್ಮ ಕೈ ನನ್ನ ಕೈಗಿಂತ ಸಣ್ಣದು."

"ಆಗಲ್ಲ ಅಸ್ಸೂ."

"ಹಾಗಾದ್ರೆ ಮಗೂನ ಹಿಡ್ಕೊಳ್ಳಿ, ನಾನೇ ಕುಯ್ತೀನಿ."

"ಕುರೀಲಿ ಬರೀ ಒಂದು ತೆಳು ಪೊರೆ ಅಡ್ಡ ಇರತ್ತೆ. ಇವನ ಕರುಳು ಎಲ್ಲಿಗೆ ಬಂದು ನಿಂತಿದೆ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಕುಯ್ದ ಮೇಲೆ ಸಿಗದೇ ಹೋದ್ರೆ?"

"ಕುಯ್ಯದೇ ಇದ್ರೆ?"

ಮಗುವಿನ ಮೇಲೆ ಕೈ ಇಟ್ಟುಕೊಂಡು ಕೂತೆ, ಅಷ್ಟೆ. ಅವನ ಪುಟ್ಟ ಎದೆ ನನ್ನ ಅಂಗೈ ಕೆಳಗೆ ಬೇಗ ಬೇಗ ಏರಿಳಿಯುತ್ತಿತ್ತು. ಅಸ್ಸೂ ಚಾಕು ಕೆಂಪಾಗುವವರೆಗೆ ಹಿಡಿದಿದ್ದ. ಆಮೇಲೆ ಅದನ್ನು ಬಾಗಿಲಾಚೆ ಹಿಮಕ್ಕೆ ಎಸೆದು, ಗೋಡೆಗೊರಗಿ ಕೂತು, ನನ್ನನ್ನು ಬೈಯತೊಡಗಿದ. ಕಡಲೂರಿನ ಮೀನು ತಿನ್ನುವವರಿಗೆ ಧೈರ್ಯ ಎಲ್ಲಿಂದ ಬರಬೇಕು, ಕೊಡೆ ಹಿಡಿದು ಹುಟ್ಟಿದವರು, ಹೀಗೆ. ನಾನು ಕೇಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಅವನೇ ಎದ್ದು ನನಗೆ ಚಹಾ ಸುರಿದು ಕೊಟ್ಟ.

ಗುರುವಾರ ಬೆಳಿಗ್ಗೆ ಹೊಸ ಬಾಟಲಿ ತರಲು ಕೇಂದ್ರಕ್ಕೆ ಹೋಗಿದ್ದೆ. ವಾಪಸು ಬಂದಾಗ ಮಗು ತೂದಾಳ ತೊಡೆಯ ಮೇಲಿತ್ತು, ಅವಳ ಅಂಗಿ ತೆರೆದಿತ್ತು. ನನ್ನನ್ನು ನೋಡಿದ್ದೇ ಹೊದಿಕೆ ಎಳೆದುಕೊಂಡಳು.

"ಎಷ್ಟು ಕೊಟ್ಟೆ?"

"ನಾಲ್ಕು ಗುಟುಕು. ಲಲ್ಲಾ, ಬಾಯಿ ಹುಡುಕ್ತಿದ್ದ. ಎರಡು ದಿನದಿಂದ ಹುಡುಕ್ತಿದಾನೆ."

ನಾನು ನಳಿಕೆಯಿಂದ ಎಳೆಯುವಷ್ಟರಲ್ಲೇ ಅವನು ಕಕ್ಕಿದ. ಹಾಲೂ ಹಸಿರೂ ಬೆರೆತು ಬಾಯಿ ಮೂಗುಗಳಿಂದ ಬಂತು. ಕೆಮ್ಮಿದ, ತುಟಿ ನೀಲಿಯಾಯಿತು. ತಲೆ ತಗ್ಗಿಸಿ ಬೆನ್ನು ತಟ್ಟಿ, ಬಾಯಿ ಒರೆಸಿ, ಬಣ್ಣ ಮರಳುವವರೆಗೆ ಕೈಯಲ್ಲಿ ಹಿಡಿದಿದ್ದೆ. ತೂದಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಹೆನ್ನೂ ಕೆಳಗೆ ಕೊಟ್ಟಿಗೆಯಲ್ಲಿದ್ದಳು. ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ.

ಅಂದು ಹನ್ನೊಂದು ಗಂಟೆಗೆ ಮೋಡ ಸರಿಯಿತು. ಹಿಮ ತಳ್ಳುವ ಯಂತ್ರ ಘಾಟಿ ದಾಟಿ ಕೆಳಗಿನ ಹಳ್ಳಿಯವರೆಗೆ ಬಂದಿದೆ, ಹಿಂದೆಯೇ ಆಂಬುಲೆನ್ಸ್ ಇದೆ ಎಂದು ಸುದ್ದಿ ಬಂತು. ಅಲ್ಲಿಗೆ ಮೂರು ಗಂಟೆಯ ನಡಿಗೆ. ಮಗುವನ್ನು ನನ್ನ ಎದೆಗೆ ಕಟ್ಟಿಕೊಂಡೆ, ಮೇಲೆ ಅಸ್ಸೂನ ಉಣ್ಣೆಯ ನಿಲುವಂಗಿ. ಅವನು ಮುಂದೆ ಹಿಮ ತುಳಿದು ದಾರಿ ಮಾಡುತ್ತಾ ಹೋದ. ನೂರು ಹೆಜ್ಜೆಗೊಮ್ಮೆ ನಿಂತು ಒಳಗೆ ಕಿವಿಗೊಟ್ಟು ಕೇಳುತ್ತಿದ್ದೆ. ಪ್ರತಿ ಉಸಿರಿಗೂ ಒಂದು ಸಣ್ಣ ನರಳಿಕೆ ಇತ್ತು. ಹೆತ್ತು ಮೂರು ದಿನವಾದ ತೂದಾಳನ್ನು ಕರೆದೊಯ್ಯಲು ಆಗಲಿಲ್ಲ. ಅವಳು ಮಾಳಿಗೆಯ ಮೇಲೆ ನಿಂತಿದ್ದಳು.

ಆಸ್ಪತ್ರೆಯಲ್ಲಿ ಮಗುವಿನ ಹೆಸರು ಕೇಳಿದರು. ನಮ್ಮಲ್ಲಿ ಏಳನೆಯ ದಿನ ಕುರಿ ಕುಯ್ದು ಹೆಸರಿಡುತ್ತಾರೆ. ಅಸ್ಸೂ ಅಲ್ಲೇ ನಿಂತು, "ಯಿದೆರ್ ಅಂತ ಬರ್ಕೊಳ್ಳಿ," ಎಂದ. ಬದುಕುತ್ತಾನೆ ಎಂದು ಅದರ ಅರ್ಥ.

ಅದೇ ಸಂಜೆ ಡಾಕ್ಟರ್ ಬರ್ರಾದಾ ಹೊಟ್ಟೆಯ ಎಡಗಡೆ ಕುಯ್ದು, ಕರುಳನ್ನು ಹೊರಗೆ ತಂದು ಬಾಯಿ ಮಾಡಿದರು. ಕಪ್ಪು ಮಲ ಹರಿದು ಬಂತು, ಹೊಟ್ಟೆ ಮೆತ್ತಗಾಯಿತು. "ಕರುಳು ಬಹಳ ಮೇಲೆ ನಿಂತಿತ್ತು," ಎಂದು ಎರಡು ಬೆರಳು ಅಗಲಿಸಿ ತೋರಿಸಿದರು. "ಕೆಳಗಿಂದ ಕುಯ್ದಿದ್ರೆ ಸಿಗ್ತಾನೇ ಇರಲಿಲ್ಲ. ಈಗ ಹೊಟ್ಟೆಯ ಚಿಂತೆ ಇಲ್ಲ. ಶ್ವಾಸಕೋಶದಲ್ಲಿ ಕಫ ತುಂಬಿದೆ. ವಾಂತಿ ಒಳಗೆ ಹೋಗಿದೆ."

ಶನಿವಾರ ಮಧ್ಯಾಹ್ನ ಮಗು ತೀರಿಕೊಂಡಿತು.

ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಕೂತಿದ್ದೆವು. ನಾನು ಹೇಳಿದೆ: "ಸೋಮವಾರ ನಾನು ಸರಿಯಾಗಿ ನೋಡಲಿಲ್ಲ ಅಸ್ಸೂ. ನೋಡಿದ್ದಿದ್ರೆ ಅದೇ ಜೀಪಲ್ಲಿ ಕರ್ಕೊಂಡು ಬರಬಹುದಿತ್ತು."

ಅವನು ತನ್ನ ಒದ್ದೆ ಬೂಟುಗಳನ್ನು ನೋಡುತ್ತಿದ್ದ.

"ಗೊತ್ತು," ಎಂದ. "ಬುಧವಾರನೇ ಲೆಕ್ಕ ಹಾಕ್ದೆ. ಅದಕ್ಕೇ ಅಷ್ಟು ಬೈದಿದ್ದು." ಬೂಟಿನ ದಾರ ಬಿಗಿಯುತ್ತಾ, "ನಮ್ಮಮ್ಮನಿಗೆ ಹೇಳ್ಬೇಡಿ. ನಿಮ್ಮನ್ನ ಊರು ಬಿಡಿಸ್ತಾಳೆ. ಆಮೇಲೆ ಇಲ್ಲಿ ಹೆರಿಗೆಗೆ ಯಾರೂ ಇರಲ್ಲ," ಎಂದ.

ಎರಡು ವಾರ ಕಳೆದ ಮೇಲೆ ತೂದಾ ಕೇಂದ್ರಕ್ಕೆ ಬಂದಳು. ಎದೆಯಲ್ಲಿ ಗಂಟು ಕಟ್ಟಿ ಜ್ವರ ಬಂದಿತ್ತು. ಬಿಸಿನೀರ ಬಟ್ಟೆ ಒತ್ತಿ ಹಾಲು ಹಿಂಡಿ ತೆಗೆದೆ, ಮಾತ್ರೆ ಕೊಟ್ಟೆ. ಅಂಗಿ ಸರಿಮಾಡಿಕೊಳ್ಳುತ್ತಾ ಅವಳು ಕೇಳಿದಳು:

"ಲಲ್ಲಾ, ಆ ನಾಲ್ಕು ಗುಟುಕು ಎಲ್ಲಿಗೆ ಹೋಯ್ತು?"

"ಹೊಟ್ಟೆಗೆ," ಎಂದೆ. "ಹಾಲು ಹೊಟ್ಟೆಗೇ ಹೋಗೋದು. ಅದರಿಂದ ಏನೂ ಆಗಲಿಲ್ಲ."

"ಉಸಿರಿನ ಕಡೆ ಹೋಗಲ್ವಾ?"

"ಇಲ್ಲ. ಅದು ಬೇರೆ ದಾರಿ."

ಅವಳು ನನ್ನ ಮುಖವನ್ನು ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮಾತ್ರೆಗಳನ್ನು ಕೈವಸ್ತ್ರದ ತುದಿಗೆ ಕಟ್ಟಿಕೊಂಡು, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದಳು. ಆಮೇಲೆ ಎಂದೆ. ಹೊರಗೆ ಕಾಯುತ್ತಿದ್ದ ಹೆಣ್ಣುಮಕ್ಕಳಿಬ್ಬರನ್ನೂ ಕರೆದುಕೊಂಡು, ಕರಗುತ್ತಿದ್ದ ಕೆಸರಿನ ದಾರಿಯಲ್ಲಿ ಕಾಲು ಜಾರದ ಹಾಗೆ ಅಂಚು ಹಿಡಿದು ಇಳಿದುಹೋದಳು.