ಆದಿಲಕ್ಷ್ಮಕ್ಕನ ಹುಳುಮನೆಯ ಹೀಟರ್

ಬೆಳಗ್ಗೆ ಮುಖ ತೊಳೆದ ಕೂಡಲೇ ಆದಿಲಕ್ಷ್ಮಕ್ಕ ಒಂದು ಹಿಪ್ಪುನೇರಳೆ ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಕಣ್ಣು ಮುಚ್ಚಿ ಮೂಸುತ್ತಾರೆ. ಏನೂ ತಿಳಿಯುವುದಿಲ್ಲ. ಕೊರೊನಾ ಬಂದುಹೋದಾಗ ಮೂಗು ಬಿಟ್ಟುಹೋದ ವಾಸನೆ ಇವತ್ತಾದರೂ ಮರಳೀತೆಂದು ಹೀಗೆ ಕಾಯುವುದನ್ನು ಅವರು ಹಬ್ಬದ ದಿನವೂ ತಪ್ಪಿಸಿದ್ದಿಲ್ಲ.

ಕೋಲಾರದ ಕಡೆ, ಆವನಿಯ ಪಕ್ಕದ ನಮ್ಮೂರಿನಲ್ಲಿ ಅವರು ರೇಷ್ಮೆಹುಳು ಸಾಕುತ್ತಾರೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಹೆಜ್ಜೆ ಹಗುರ ಮಾಡುವುದು ರೂಢಿ. ಆ ಹೆಜ್ಜೆ ಅವರ ಕಾಲಿಗೇ ಅಂಟಿಕೊಂಡು, ಬಸ್ ನಿಲ್ದಾಣದ ಗದ್ದಲದಲ್ಲೂ ಯಾರನ್ನೋ ಎಬ್ಬಿಸಬಾರದೆಂಬಂತೆ ನಡೆಯುತ್ತಾರೆ. ಮೈಮೇಲೆ ಒಂದಕ್ಕೊಂದು ಹೊಂದದ ಗುಂಡಿಗಳ ಕಂದು ಸ್ವೆಟರ್. ಮಾತು ಶುರುಮಾಡುವಾಗ ಹೆಚ್ಚಾಗಿ ಒಂದು ‘ಸೂಡಮ್ಮಾ’, ‘ನೋಡಮ್ಮಾ’ ಎನ್ನುವುದರ ತೆಲುಗು.

ದೇವರ ಹೂವಿಗೆ ನಾನು ಅವರ ಹಿತ್ತಲಿಗೇ ಹೋಗುವವಳು. ಏರಿಸುವ ಮುನ್ನ ಹೂವನ್ನು ಮೂಸಬಾರದೆಂದು ಅವರಿಗೂ ಗೊತ್ತು. “ಸೂಡಮ್ಮಾ, ಪೂಜೆ ಆದ್ಮೇಲೆ ಪ್ರಸಾದದ ಹೂವ ಮೂಸಿ, ಹೆಂಗಿತ್ತು ಅಂತ ನಾಳೆ ಹೇಳು,” ಎಂದರು ಒಮ್ಮೆ. ಮಾರನೆಯ ದಿನ ಹೇಳಲು ಹೊರಟು ಸೋತೆ. “ಮಲ್ಲಿಗೆ ಥರಾನೇ ಇತ್ತಕ್ಕ.”

“ಅಷ್ಟು ಸಾಕು ಬಿಡು,” ಎಂದು ನಕ್ಕರು. ಆ ನಗು ನನ್ನ ಜಪದ ನಡುವೆ ಇಂದಿಗೂ ಬಂದು ಕೂರುತ್ತದೆ.

ಹೋದ ಚಳಿಗಾಲ ಹುಳುಮನೆಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು, ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ನುಗ್ಗೀತೆಂದು ಗೋಡೆಯ ಕಿಂಡಿಗಳಿಗೆಲ್ಲ ಗೋಣಿ ತುರುಕಿ, ಗಾಳಿಯಾಡದೆ ಅಕ್ಕ ಒಳಗೇ ತಲೆ ಸುತ್ತಿ ಬಿದ್ದಿದ್ದರು. ಅವರು ಉಳಿದರು; ಆಮೇಲೆ ಬೆಂಕಿಯಿಲ್ಲದ ಚಳಿಯಲ್ಲಿ ಹುಳು ಮೇವು ಮುಟ್ಟದೆ ಇಡೀ ಬೆಳೆ ಗೊಬ್ಬರದ ಗುಂಡಿ ಸೇರಿತು. ಈ ಕಾರ್ತಿಕದಲ್ಲಿ ಮುಳಬಾಗಿಲಿನ ಗ್ಯಾಸ್ ಮೆಕ್ಯಾನಿಕ್ ನಯೀಮ್‌ನನ್ನು ಕರೆಸಿದರು. ಗ್ಯಾಸ್‌ನಿಂದ ಕೆಂಪಗೆ ಕಾದು ಕೆಳಕ್ಕೆ ಶಾಖ ಸುರಿಸುವ ಇನ್‌ಫ್ರಾರೆಡ್ ಹೀಟರನ್ನು ಎಲ್ಲಿ ತೂಗುಹಾಕುವುದೆಂದು ಅವನು ನೋಡಬೇಕಿತ್ತು.

ಸಿಲಿಂಡರಿಗೆ ಹೊರಗೆ ನೆರಳಿನ ಜಾಗ ತೋರಿಸಿದ; ಬಿದಿರಿನ ತಟ್ಟೆ, ಕಾಗದ ಯಾವುದೂ ಹೀಟರಿನ ಹತ್ತಿರ ಇರಕೂಡದೆಂದ; ಕಿಂಡಿಗಳಲ್ಲಿ ಇನ್ನೂ ಇದ್ದ ಗೋಣಿಗಳನ್ನು ಎಳೆದುಹಾಕಿದ.

“ಏನೋ ನಯೀಮಾ, ನೊಣ ಬಂದ್ರೆ ನೀನ್ ಬಂದು ಓಡಿಸ್ತೀಯಾ?”

“ಜಾಲರಿ ಹೊಡೀತೀನಿ ಅಕ್ಕಾ. ಗಾಳಿ ಆಡ್ಲೇಬೇಕು. ಗ್ಯಾಸ್ ಸೋರಿದ್ರೆ ನಿಮ್ಗೇ ವಾಸ್ನೆ ಬರುತ್ತೆ, ಬಂದ್ ಮಾಡಿ ಅಷ್ಟೇ.”

ಅಕ್ಕ ಸ್ವೆಟರಿನ ಗುಂಡಿ ತಿರುವುತ್ತ ನಿಂತರು. “ನಂಗೆ ಬರಲ್ಲ ಕಣಪ್ಪಾ.”

ನಯೀಮ್ ಬಗ್ಗಿ ಗೋಡೆಯ ಬುಡ ನೋಡಿದ. ಹಾಗಿದ್ದರೆ ಸೋರಿದಾಗ ಕೂಗುವ ಅಲಾರಂ ಬೇಕು, ಗ್ಯಾಸ್ ತಗ್ಗಿಗೆ ಇಳಿಯುವುದರಿಂದ ನೆಲದ ಹತ್ತಿರವೇ ಕೂರಿಸಬೇಕು, ಅದು ಬರಲು ವಾರ ಹಿಡಿಯುತ್ತದೆ ಎಂದ. ತಟ್ಟೆಗಳಲ್ಲಿ ಹುಳುಗಳು ಮೂರನೇ ಜ್ವರದಿಂದ ಏಳುತ್ತಿದ್ದವು. ಹೊರಗೆ ಚಳಿ ಬಿಗಿಯುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಕದಿರಮ್ಮ ಸೊಂಟದ ಮೇಲೆ ಕೈಯಿಟ್ಟರು. “ಅಷ್ಟಕ್ಕೆ ಈ ಬೆಳೇನೂ ಕಳ್ಕೊಂತೀಯೇನೇ ಲಕ್ಷ್ಮೀ? ಇವತ್ತೇ ಹಚ್ಚಿಸು. ಅಲಾರಂ ಬರೋಗಂಟ ನಾನೇ ಇಲ್ಲಿ ಮಲಗ್ತೀನಿ. ಪಕ್ಕದೂರಲ್ಲಿ ಒಗ್ಗರಣೆ ಹಾಕಿದ್ರೂ ನನ್ ಮೂಗಿಗೆ ಗೊತ್ತಾಗುತ್ತೆ!”

ನಯೀಮ್ ನಕ್ಕ. ನಾನೂ ನಕ್ಕೆ. ಅಕ್ಕ ನಗಲಿಲ್ಲ, ತಲೆಯೆತ್ತಿ ಮೇವಿಗೆ ತಡಕುತ್ತಿದ್ದ ಹುಳುಗಳನ್ನೇ ಬಹಳ ಹೊತ್ತು ನೋಡಿದರು. ಕಳೆದುಕೊಂಡದ್ದಕ್ಕಾಗಿ ಹಂಬಲಿಸುವವರಲ್ಲಿ ಇಂಥವರೂ ಇರುತ್ತಾರೆ: ತಮ್ಮಲ್ಲಿ ಏನಿಲ್ಲವೆಂದು ಅವರು ಒಂದು ಗಳಿಗೆಯೂ ಮರೆಯಲಾರರು, ಆ ಕೊರತೆಯನ್ನು ಇನ್ನೊಬ್ಬರ ಜೀವದಿಂದ ತುಂಬಿಕೊಳ್ಳಲೂ ಒಲ್ಲರು.

“ಅಲಾರಂ ಬರೋಗಂಟ ಹಚ್ಚೋದ್ ಬೇಡ ಕದಿರಕ್ಕಾ,” ಎಂದರು. “ನೀನ್ ಮಲಗಿದ್ರೆ ನಿನ್ ಮೂಗೂ ಮಲಗುತ್ತೆ.”