ಹಲ್ಲಿನವರ ಬೆಂಚು

ಪ್ರಭುರಾಜ ತೀರಿಕೊಂಡ ದಿನ ಅಂಗಳಕ್ಕೆ ಬಂದ ಮೊದಲ ಮನುಷ್ಯನಿಗೆ ಅವನ ತಾಯಿ ಕಳಕಮ್ಮ 'ಹಾರ್ಟ್' ಎಂದಳು. ಅದು ಹಾರ್ಟ್ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಮೂವತ್ತೆಂಟು ವರ್ಷದ ಮಗ ತನ್ನ ಜೀವವನ್ನು ತಾನೇ ತೆಗೆದುಕೊಂಡಿದ್ದ. ಮೂರನೆಯ ದಿನಕ್ಕೆ ಆ ಹಾರ್ಟಿಗೆ ಎಡಗೈ ನೋವು ಸೇರಿತು, ಐದನೆಯ ದಿನಕ್ಕೆ ಬೆವರು. ಯಲಬುರ್ಗಾದ ಜನ ಎಲ್ಲವನ್ನೂ ಮರ್ಯಾದೆಯಿಂದ ಕೇಳಿಸಿಕೊಂಡರು. ಊರಿಗೆ ನಿಜ ಗೊತ್ತಿತ್ತು. ಊರಿಗೆ ಗೊತ್ತಿದೆ ಎಂಬುದು ಕಳಕಮ್ಮನಿಗೂ ಗೊತ್ತಿತ್ತು.

ಸುಳ್ಳು ಹೇಳಿದ ಮೇಲೆ ಅದಕ್ಕೆ ಪಥ್ಯವನ್ನೂ ಮಾಡಬೇಕಾಗುತ್ತದೆ. "ನಿಮ್ಮ ಮನಿತನಕ್ಕ ಹಾರ್ಟಿಂದು ಐತ್ರಿ, ಎಣ್ಣಿ ಕಡಿಮಿ ಮಾಡ್ರಿ" ಎಂದು ಎದುರು ಮನೆಯ ಲಲಿತಾ ಹೇಳಿಹೋದ ದಿನದಿಂದ ಆ ಮನೆಯಲ್ಲಿ ಮಿರ್ಚಿ ಭಜಿ ಕರಿಯುವುದು ನಿಂತಿತು. ಯಾರಾದರೂ ಸ್ವಲ್ಪ ಜೋರಾಗಿ ಉಸಿರುಬಿಟ್ಟರೆ ಕೊಪ್ಪಳಕ್ಕೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸುವುದು ಶುರುವಾಯಿತು. ಎರಡು ವರ್ಷದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಏಳು ಇಸಿಜಿಗಳು ಸೇರಿದವು. ಏಳರಲ್ಲಿ ಐದು ದಾನೇಶ್ವರಿಯವು.

ದಾನೇಶ್ವರಿ ಪ್ರಭುರಾಜನ ತಂಗಿ. ಬಸ್ ಸ್ಟ್ಯಾಂಡಿನ ಹತ್ತಿರ ಸೀರೆಗೆ ಫಾಲ್ ಹಚ್ಚುವ, ಪಿಕೋ ಮಾಡುವ ಅಂಗಡಿ ಅವಳದು. ದಸರೆಯ ನಂತರ ಅವಳಿಗೆ ಬೆಳಿಗ್ಗೆ ಏಳುವುದೇ ಒಂದು ಕೆಲಸವಾಯಿತು. ಮದುವೆ ಮನೆಯ ಹನ್ನೆರಡು ಸೀರೆಗಳು ಮಡಿಸಿದಲ್ಲೇ ಉಳಿದವು. ಅನ್ನ ಬಾಯಿಗೆ ಹೋಗುತ್ತಿತ್ತು, ರುಚಿ ಹೋಗುತ್ತಿರಲಿಲ್ಲ. ಇದೆಲ್ಲ ಅವಳಿಗೆ ಪರಿಚಯದ್ದು. ಅಣ್ಣನ ಕೊನೆಯ ವರ್ಷದಲ್ಲಿ ಹತ್ತಿರದಿಂದ ನೋಡಿದ್ದಳು. ಆ ದಾರಿ ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದದ್ದೇ ಅವಳ ಹೆದರಿಕೆ. ಬಾಯಿಬಿಟ್ಟು ಹೇಳೋಣವೆಂದರೆ, 'ಅಣ್ಣನ ಹಾಂಗ ಆಗಾಕತ್ತೈತಿ' ಎನ್ನಬೇಕು. ಹಾಗೆಂದರೆ ಅವ್ವ ಎರಡು ವರ್ಷ ಎತ್ತಿಹಿಡಿದ ಹಾರ್ಟ್ ಬಿದ್ದುಹೋಗುತ್ತದೆ.

"ಎದಿ ಛಲೋ ಐತಂತ ಡಾಕ್ಟರ್ ಅಂದ್ರಲ್ಲ," ಎಂದಳು ಕಳಕಮ್ಮ, ಮಗಳ ಐದನೆಯ ಇಸಿಜಿಯನ್ನು ಕವರಿಗೆ ಸೇರಿಸುತ್ತ. "ಮತ್ಯಾಕ ಹಿಂಗ ಕುಂದರ್ತಿ?"

"ಹಲ್ಲು ನೋಯಾಕತ್ತೈತಿ, ಬೇ."

ಬಾಯಿಗೆ ಬಂದ ಸುಳ್ಳು. ಆದರೆ ಉಪಯೋಗಕ್ಕೆ ಬಂತು. ಕುಷ್ಟಗಿಯಲ್ಲಿ ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆಯಿದ್ದು, ಮಂಗಳವಾರ ಅಲ್ಲಿಗೆ ಮನಸ್ಸಿನ ಡಾಕ್ಟರ್ ಬರುತ್ತಾರೆಂದು ಅವಳು ಎಲ್ಲೋ ಓದಿದ್ದಳು. ಮುಂದಿನ ಮಂಗಳವಾರ ಹಲ್ಲು ತೋರಿಸಲೆಂದು ಕುಷ್ಟಗಿ ಬಸ್ಸು ಹತ್ತಿದಳು.

ಆ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ ಕೋಣೆ, ಹಲ್ಲಿನ ಡಾಕ್ಟರ ಕೋಣೆ ಅಕ್ಕಪಕ್ಕ. ಎರಡಕ್ಕೂ ಸೇರಿ ಹೊರಗೆ ಒಂದೇ ಉದ್ದನೆಯ ಬೆಂಚು. ದಾನೇಶ್ವರಿ ಹೋದಾಗ ಎಂಟು ಜನ ಕೂತಿದ್ದರು. ಎಂಟೂ ಜನ ಗಲ್ಲದ ಮೇಲೆ ಕೈ ಇಟ್ಟುಕೊಂಡಿದ್ದರು. ಅವಳೂ ಕೂತು ಕೈ ಇಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ಹಲ್ಲಿನ ಡಾಕ್ಟರ್ ತಾವೇ ಬಾಗಿಲಿಗೆ ಬಂದರು. "ಹಲ್ಲಿನವರು ಯಾರ್ರಿ?"

ಯಾರೂ ಏಳಲಿಲ್ಲ. ಡಾಕ್ಟರು ಬೆಂಚನ್ನೊಮ್ಮೆ ಆ ತುದಿಯಿಂದ ಈ ತುದಿಯವರೆಗೆ ನೋಡಿ, ಒಳಗೆ ಹೋಗಿ ಪೇಪರ್ ಬಿಡಿಸಿದರು.

ಪಕ್ಕದಲ್ಲಿ ಅರವತ್ತು ದಾಟಿದ, ಬಿಳಿ ಟೊಪ್ಪಿಗೆಯ ಮನುಷ್ಯನೊಬ್ಬ ಕೂತಿದ್ದ. ಅವನೊಬ್ಬ ಈಗ ಕೈ ಇಳಿಸಿ ಆರಾಮಾಗಿ ಮೊಣಕಾಲ ಮೇಲಿಟ್ಟುಕೊಂಡ.

"ಯವ್ವಾ, ಬಂದಾಗ ಎಡಗಲ್ಲ ಹಿಡಿದಿದ್ದಿ. ಈಗ ಬಲಗಲ್ಲ ಹಿಡದಿ," ಎಂದ ಮೆಲ್ಲಗೆ.

ದಾನೇಶ್ವರಿ ಕೈ ನೋಡಿಕೊಂಡಳು. ಹೌದು.

"ಮೊದಲನೇ ಸಲ ಎಲ್ಲಾರೂ ಹಿಂಗ. ನನ್ನ ಹೆಸರು ರಾಜಾಸಾಬ. ಗಂಗಾವತ್ಯಾಗ ಗಾದಿ ಹೊಲಿತೀನಿ. ಊರಿಗೆಲ್ಲ ಮೆತ್ತನ್ನ ಗಾದಿ ಹಾಕಿಕೊಟ್ಟು, ನಾನು ಮಾತ್ರ ಒಂದು ವರ್ಷ ಕಣ್ಣು ಮುಚ್ಚಿದ್ದಿಲ್ಲ. ಮೊದಲನೇ ಸಲ ಇಲ್ಲಿಗೆ ಬಂದು, ಈ ಬಾಗಲಕ್ಕ ಹೋಗೋ ಧೈರ್ಯ ಸಾಲದ, ಆ ಬಾಗಲಕ್ಕ ಹೋಗಿಬಿಟ್ಟೆ."

"ಹಲ್ಲಿನವ್ರ ಕಡೆ?"

"ಹಲ್ಲಿನವ್ರ ಕಡೆ. ನಿದ್ದಿ ಇಲ್ರಿ ಅಂದೆ. ಊಟ ಸೇರವಲ್ದು, ತಡ್ಕೊಳ್ಳಾಕ ಆಗವಲ್ದು ಅಂದೆ. ಎಲ್ಲಾ ಖರೇನ. ಜಾಗಾ ಒಂದ ಸುಳ್ಳು. ಪಾಪ, ಅವರು ಬಡಿದು ನೋಡಿದ್ರು, ಫೋಟೋ ತಗಿಸಿದ್ರು. ಏನೂ ಇಲ್ಲಲ್ಲ ಸಾಬರ ಅಂದ್ರು. ತಗೀರಿ ಅಂತ ನಾನ ಗಂಟು ಬಿದ್ದೆ. ಮೂರನೇ ಸಲಕ್ಕ ಬ್ಯಾಸತ್ತು ತಗದ್ರು." ಅವನು ಬಾಯಿ ತೆರೆದು ಬಲಗಡೆಯ ಖಾಲಿ ಜಾಗ ತೋರಿಸಿದ. "ಛಲೋ ಹಲ್ಲವಾ. ಕಬ್ಬು ಸಿಗೀತಿತ್ತು."

ದಾನೇಶ್ವರಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಕೆಮ್ಮಿನ ಹಾಗೆ ಕೇಳಿಸಿತು. ಬೆಂಚಿನ ಆ ತುದಿಯವರೂ ನಕ್ಕರು, ಗಲ್ಲದ ಮೇಲಿನ ಕೈ ತೆಗೆಯದೆ.

"ನನ್ನ ಮಗಾ ಜಹೀರ," ಎಂದ ರಾಜಾಸಾಬ, ಅದೇ ದನಿಯಲ್ಲಿ. "ತಾನ ಹ್ವಾದ. ನಾವು ಆಕ್ಸಿಡೆಂಟ್ ಅಂತ ಹೇಳೀವಿ."

ದಾನೇಶ್ವರಿ ಅವನ ಕಡೆ ತಿರುಗಿ ಕೂತಳು.

"ನಾವು ಹಾರ್ಟ್ ಅಂತ ಹೇಳೀವ್ರಿ, ಕಾಕಾ."

"ಹಾಂ. ಹಾರ್ಟ್ ಭಾಳ ಮಂದಿ ಹೇಳ್ತಾರ."

ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ಒಳಗಿದ್ದ ಡಾಕ್ಟರ್ ಅವಳಿಗಿಂತ ಚಿಕ್ಕ ವಯಸ್ಸಿನ ಹುಡುಗಿ. ನಿದ್ದೆ, ಊಟ, ಕೆಲಸ ಎಲ್ಲ ಕೇಳಿದಳು. ಸಾಯಬೇಕು ಅನ್ನಿಸುತ್ತದೆಯೇ ಎಂಬುದನ್ನೂ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವಷ್ಟು ಸರಳವಾಗಿ ಕೇಳಿದಳು. ಸರಳವಾಗಿ ಕೇಳಿದ್ದಕ್ಕೋ ಏನೋ, ಉತ್ತರವೂ ಬಂತು: "ಒಮ್ಮೊಮ್ಮೆ."

"ಮನಿಯೊಳಗ ಯಾರಿಗಾದರೂ ಹಿಂಗ ಆಗಿತ್ತೇನ್ರಿ?"

"ಅಣ್ಣಗ. ಹಾರ್—" ಎಂದು ನಿಂತಳು. ಗಲ್ಲದ ಮೇಲೆ ಇನ್ನೂ ಕೈಯಿದ್ದುದು ಆಗ ಗೊತ್ತಾಯಿತು. ತೆಗೆದು ಮಡಿಲಲ್ಲಿಟ್ಟುಕೊಂಡಳು. "ನಮ್ಮಣ್ಣ ತಾನ ಜೀವಾ ತಗೊಂಡ್ರಿ. ಎರಡು ವರ್ಷ ಆತು. ಯಾರಿಗೂ ಹೇಳಿಲ್ಲ."

ಡಾಕ್ಟರ್ ಬರೆದುಕೊಂಡಳು. ಮೇಲಿನ ಫ್ಯಾನು ತಿರುಗುತ್ತಲೇ ಇತ್ತು.

ಗುಳಿಗೆ ಕೊಟ್ಟಳು, ಪ್ರತಿ ಮಂಗಳವಾರ ಬರಬೇಕು, ಒಮ್ಮೊಮ್ಮೆ ಅನ್ನಿಸುವುದು ಹೆಚ್ಚಾದರೆ ಮಂಗಳವಾರಕ್ಕೆ ಕಾಯದೆ ಫೋನ್ ಮಾಡಬೇಕು ಎಂದಳು, ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು ಎಂದಳು. ಎಲ್ಲಕ್ಕಿಂತ ಕಷ್ಟದ ಔಷಧ ಅದೇ ಆಗಿತ್ತು.

ಸಂಜೆ ಕಳಕಮ್ಮ ರೊಟ್ಟಿ ಬಡಿಯುತ್ತಿದ್ದಳು. "ಹಲ್ಲಿಗೇನಂದ್ರು?"

"ಹಲ್ಲಲ್ಲ, ಬೇ." ದಾನೇಶ್ವರಿ ಎಲ್ಲ ಹೇಳಿದಳು. ಅಣ್ಣನ ಹೆಸರು ಹಾಕಿಯೇ ಹೇಳಿದಳು.

ಹಂಚಿನ ಮೇಲಿನ ರೊಟ್ಟಿ ಸೀದಿತು. ಹಾಸಿಗೆಗೆ ಹೋಗುವ ಮುಂಚೆ ಕಳಕಮ್ಮ ಎಂದಿನಂತೆ ಎರಡೂ ಸಾಲಿನ ಹಲ್ಲಿನ ಸೆಟ್ಟನ್ನು ತೆಗೆದು ಸ್ಟೀಲ್ ಬಟ್ಟಲಿನ ನೀರಿಗೆ ಹಾಕಿದಳು. ಬಾಯಲ್ಲಿ ಸ್ವಂತದ ಹಲ್ಲು ಒಂದೂ ಉಳಿಯದೆ ಆರು ವರ್ಷವಾಗಿತ್ತು. ಆ ವಾರವಿಡೀ ಉಪ್ಪು, ಖಾರ, ಹಾಲಿನ ವಿಷಯ ಬಿಟ್ಟು ಬೇರೆ ಮಾತಿಲ್ಲ. ಮಗಳಿಗೆ ಗುಳಿಗೆಯ ಹೊತ್ತಿಗೆ ಸರಿಯಾಗಿ ನೀರಿನ ಲೋಟ ಮಾತ್ರ ಬಂದು ಕೂರುತ್ತಿತ್ತು.

ಮಂಗಳವಾರ ದಾನೇಶ್ವರಿ ಚಪ್ಪಲಿ ಮೆಟ್ಟುವಾಗ ಕಳಕಮ್ಮ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. "ನಡಿ, ನಾನೂ ಬರ್ತೀನಿ. ಒಬ್ಬಾಕಿನ ಯಾಕ ಹೋಗ್ತಿ."

ಬೆಂಚಿನ ಮೇಲೆ ರಾಜಾಸಾಬ ಸರಿದು ಇಬ್ಬರಿಗೂ ಜಾಗ ಕೊಟ್ಟ. ಕಳಕಮ್ಮ ಕೂತಳು, ಉಳಿದವರನ್ನು ನೋಡಿದಳು, ಮೆಲ್ಲಗೆ ಗಲ್ಲದ ಮೇಲೆ ಕೈ ಇಟ್ಟುಕೊಂಡಳು.

"ಬೇ," ಎಂದಳು ದಾನೇಶ್ವರಿ ಕಿವಿಯ ಹತ್ತಿರ, "ನಿನ್ನ ಬಾಯಾಗ ಒಂದ ಹಲ್ಲಿಲ್ಲ."

"ಸುಮ್ನಿರ. ಅವ್ರಿಗೇನ ಗೊತ್ತು."

ಹಲ್ಲಿನ ಡಾಕ್ಟರ್ ಬಾಗಿಲಿಗೆ ಬಂದು ರೂಢಿಯಂತೆ ಕೂಗಿದರು. ಯಾರೂ ಏಳಲಿಲ್ಲ. ಅವರು ಇನ್ನೇನು ಒಳಗೆ ಹೋಗಬೇಕು, ಹೊಸ ಮುಖ ಕಂಡು ನಿಂತರು. "ಏನಮ್ಮಾ, ನಿಮ್ಮದು ಹಲ್ಲಿಂದೇನ್ರಿ?"

ಕಳಕಮ್ಮ ಹೂಂ ಎನ್ನಲು ಬಾಯಿ ತೆರೆದಳು. ಮಗಳ ಕಡೆ ನೋಡಿದಳು. ಕೈ ತಾನಾಗಿಯೇ ಕೆಳಗಿಳಿಯಿತು.

"ಹಲ್ಲಲ್ರಿ," ಎಂದಳು. "ನನ್ನ ಮಗಂದು."